ಡಿಸ್ಕಿನಿಂದ ಒಂದು ನಿಮಿಷದ ತುಣುಕು: ಕೆಡಿಸದೆ ಆನ್‌ಲೈನ್‌ಗೆ ತರುವುದು ಹೇಗೆ?

ಹಳೆಯ ಡಿವಿಡಿಯಿಂದ ಒಂದು ನಿಮಿಷದ ತುಣುಕು ತೆಗೆದು ಆನ್‌ಲೈನ್‌ಗೆ ಹಾಕಬೇಕು. ಕೇಳಲು ಸುಲಭದ ಕೆಲಸ. ಆದರೆ ಹೀಗೆ ಹಾಕಿದ ತುಣುಕುಗಳನ್ನು ಸ್ವಲ್ಪ ಗಮನಿಸಿ. ಎಷ್ಟೋ ವಿಡಿಯೊಗಳು ಒಂದೇ ಬಗೆಯಲ್ಲಿ ಕೆಟ್ಟಿರುತ್ತವೆ. ಮುಖಗಳು ಮೇಲಕ್ಕೆ ಎಳೆದಂತೆ ಸಪೂರ ಕಾಣುತ್ತವೆ. ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಅಡ್ಡಗೆರೆಗಳು ಏಳುತ್ತವೆ. ತುಟಿ ಆಡಿದ ಮೇಲೆ ಮಾತು ಕೇಳಿಸುತ್ತದೆ. ಆಗ ನಾವು ಮಾಡುವುದೇನು? ಈ ಸಾಫ್ಟ್‌ವೇರ್ ಸರಿ ಇಲ್ಲ ಅಂತ ಇನ್ನೊಂದನ್ನು ಹುಡುಕುತ್ತೇವೆ. ಅದರಲ್ಲೂ ಅದೇ ಕಥೆ.

ತಪ್ಪು ಹೆಚ್ಚಾಗಿ ಸಾಫ್ಟ್‌ವೇರಿನದ್ದಲ್ಲ. ಡಿವಿಡಿ ಮಾರುಕಟ್ಟೆಗೆ ಬಂದಿದ್ದು 1996ರಲ್ಲಿ. ಆಗ ಮನೆಯಲ್ಲಿ ಇದ್ದಿದ್ದು ಗಾಜಿನ ದಪ್ಪ ಟಿವಿ. ಚಿತ್ರವನ್ನು ಹೇಗೆ ಶೇಖರಿಸಬೇಕು ಎಂಬ ನಿಯಮಗಳೆಲ್ಲ ಆ ಟಿವಿಗೆ ಹೊಂದುವಂತೆ ಆದವು. ನಾವು ಈಗ ನೋಡುವುದು ಮೊಬೈಲ್‌ನಲ್ಲಿ, ಬ್ರೌಸರ್‌ನಲ್ಲಿ. ಈ ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಮೂರು ಕಡೆ ಇದೆ: ಚಿತ್ರದ ಆಕಾರ, ಚಲನೆಯನ್ನು ಹಿಡಿದಿಟ್ಟ ರೀತಿ, ಸಮಯದ ಲೆಕ್ಕ. ಇವು ಅರ್ಥವಾದರೆ ಯಾವ ಉಚಿತ ಸಾಫ್ಟ್‌ವೇರ್ ಬಳಸಿದರೂ ನಡೆಯುತ್ತದೆ. ಅರ್ಥವಾಗದಿದ್ದರೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರೂ ಕೈ ಕೊಡುತ್ತದೆ.

ಡಿಸ್ಕಿನ ಒಳಗೆ ಏನಿದೆ?

ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿ ತೆರೆದರೆ ವಿಡಿಯೋ_ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗೆ ಮೂರು ಬಗೆಯ ಫೈಲುಗಳು. ವಾಬ್ ಫೈಲುಗಳಲ್ಲಿ ನಿಜವಾದ ವಿಡಿಯೊ, ಆಡಿಯೊ, ಸಬ್‌ಟೈಟಲ್ ಎಲ್ಲ ಒಟ್ಟಿಗೆ ಹೆಣೆದುಕೊಂಡು ಇರುತ್ತವೆ. ಐಎಫ್‌ಒ ಫೈಲುಗಳಲ್ಲಿ ಯಾವ ಅಧ್ಯಾಯ ಎಲ್ಲಿ ಶುರು, ಎಷ್ಟು ಆಡಿಯೊ ಇವೆ, ಚಿತ್ರವನ್ನು ಯಾವ ಆಕಾರದಲ್ಲಿ ತೋರಿಸಬೇಕು ಎಂಬ ಮಾಹಿತಿ. ಬಿಯುಪಿ ಅಂದರೆ ಐಎಫ್‌ಒಗಳ ನಕಲು, ಗೀರು ಬಿದ್ದರೆ ಇರಲಿ ಅಂತ.

ಒಂದೊಂದು ವಾಬ್ ಫೈಲೂ 1 ಜಿಬಿ ದಾಟುವ ಹಾಗಿಲ್ಲ. ಹಾಗಾಗಿ ಉದ್ದದ ವಿಡಿಯೊ ಹಲವು ವಾಬ್‌ಗಳಾಗಿ ತುಂಡಾಗಿರುತ್ತದೆ. ಈ ತುಂಡುಗಳು ದೃಶ್ಯ ಮುಗಿಯುವುದನ್ನು ಕಾಯುವುದಿಲ್ಲ. ಮಾತಿನ ನಡುವೆಯೇ ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗಬಹುದು. ನಿಮಗೆ ಬೇಕಾದ ತುಣುಕು ಆ ಗಡಿಯ ಮೇಲೇ ಕೂತಿದ್ದರೆ ಒಂದೇ ವಾಬ್ ತೆರೆದು ಕತ್ತರಿಸಿ ಪ್ರಯೋಜನವಿಲ್ಲ.

ಇನ್ನೊಂದು ತೊಂದರೆಯೂ ಇದೆ. ವಾಬ್ ಒಳಗಿನ ಗಡಿಯಾರ ನಡುನಡುವೆ ಸೊನ್ನೆಗೆ ಮರಳಬಹುದು. ಡಿವಿಡಿ ಪ್ಲೇಯರ್ ಐಎಫ್‌ಒ ನೋಡಿಕೊಂಡು ನಡೆಯುವುದರಿಂದ ಅದಕ್ಕೆ ಗೊಂದಲವಿಲ್ಲ. ಆದರೆ ವಾಬ್ ಒಂದನ್ನೇ ಎತ್ತಿ ಎಡಿಟರ್‌ಗೆ ಹಾಕಿದರೆ ಅದು ಇಪ್ಪತ್ತು ನಿಮಿಷದ ವಿಡಿಯೊಗೆ ನಾಲ್ಕು ನಿಮಿಷ ಅಂತ ತೋರಿಸಬಹುದು. ಅಥವಾ ಆಡಿಯೊ ಒಂದು ಕಡೆ, ವಿಡಿಯೊ ಒಂದು ಕಡೆ ಹೋಗಬಹುದು. ಅದಕ್ಕೇ ನನ್ನ ಸಲಹೆ: ವಾಬ್ ಫೈಲುಗಳನ್ನು ಒಂಟಿಯಾಗಿ ಮುಟ್ಟಬೇಡಿ. ಇಡೀ ವಿಡಿಯೋ_ಟಿಎಸ್ ಫೋಲ್ಡರನ್ನೇ ಸಾಫ್ಟ್‌ವೇರಿಗೆ ಕೊಡಿ. ಆಗ ಅದು ಐಎಫ್‌ಒ ಓದಿ ಸರಿಯಾದ ದಾರಿ ಹಿಡಿಯುತ್ತದೆ.

ಹಳೆಯ ವಿಸಿಡಿಯಾದರೆ ವಿಷಯ ಸರಳ. ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಡ್ಯಾಟ್ ಫೈಲುಗಳಿರುತ್ತವೆ, ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಅವನ್ನು ನೇರವಾಗಿ ಓದುತ್ತದೆ. ಚಿತ್ರ ಬರೀ 352 × 288 ಅಥವಾ 352 × 240. ಅದರಿಂದ ಪವಾಡ ನಿರೀಕ್ಷಿಸಬೇಡಿ. ಡಿವಿಡಿ, ಡೇಟಾ ಸಿಡಿಗಳಿಗೆ ಇರುವಷ್ಟು ದೋಷ ಸರಿಪಡಿಸುವ ವ್ಯವಸ್ಥೆ ವಿಸಿಡಿಯ ವಿಡಿಯೊ ಭಾಗಕ್ಕೆ ಇಲ್ಲ. ಹಾಗಾಗಿ ಸಣ್ಣ ಗೀರಿಗೂ ಕಾಪಿ ಅರ್ಧಕ್ಕೇ ನಿಲ್ಲುತ್ತದೆ.

ಬ್ಲೂ-ರೇ ಇನ್ನೊಂದು ತುದಿ. ಅದರಲ್ಲಿ ಎಂ2ಟಿಎಸ್ ಫೈಲುಗಳು, 1920 × 1080 ಚಿತ್ರ, ಬಹಳ ಸಲ ಎಚ್.264 ಎಂಬ, ಈಗ ಆನ್‌ಲೈನ್‌ನಲ್ಲೂ ಬಳಸುವ ವಿಡಿಯೊ ಕುಗ್ಗಿಸುವ ವಿಧಾನದಲ್ಲೇ ಇರುತ್ತದೆ. ಕೆಳಗೆ ಹೇಳುವ ತಲೆನೋವುಗಳಲ್ಲಿ ಹೆಚ್ಚಿನವು ಅದಕ್ಕಿಲ್ಲ.

ಬೀಗ ಹಾಕಿದ ಡಿಸ್ಕುಗಳು

ಅಂಗಡಿಯಲ್ಲಿ ಮಾರುವ ಸಿನಿಮಾ ಡಿವಿಡಿಗಳಲ್ಲಿ ಬಹಳಷ್ಟಕ್ಕೆ ಸಿಎಸ್‌ಎಸ್ ಎಂಬ ಗೂಢಲಿಪಿಯ ಬೀಗ ಇರುತ್ತದೆ. ಬ್ಲೂ-ರೇಗೆ ಎಎಸಿಎಸ್. ಬೀಗ ಇರುವ ಡಿಸ್ಕಿನ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದರೆ ಒಂದೋ ಕಾಪಿ ಆಗುವುದೇ ಇಲ್ಲ, ಇಲ್ಲವೇ ಚಿತ್ರದ ಜಾಗದಲ್ಲಿ ಬಣ್ಣಬಣ್ಣದ ಚೌಕಗಳು ಬರುತ್ತವೆ. ಡಿಸ್ಕ್ ಹಾಳಾಗಿದೆ ಅಂತ ಆಗ ಗಾಬರಿಯಾಗುವವರಿದ್ದಾರೆ. ಹಾಳಾಗಿಲ್ಲ, ಬೀಗ ಹಾಕಿದೆ ಅಷ್ಟೆ. ಮುಂದೆ ನಾವು ಬಳಸುವ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ಸಾಫ್ಟ್‌ವೇರ್ ತಾನಾಗಿ ಈ ಬೀಗ ತೆಗೆಯುವುದಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ಎರಡು ಪ್ರಶ್ನೆಗಳನ್ನು ಜನ ಒಂದಕ್ಕೊಂದು ಬೆರೆಸುತ್ತಾರೆ. ವಿಮರ್ಶೆಗೋ ಪಾಠಕ್ಕೋ ಒಂದು ಸಣ್ಣ ತುಣುಕನ್ನು ಬಳಸಬಹುದೇ ಎಂಬುದು ಒಂದು. ಅದಕ್ಕಾಗಿ ಬೀಗ ಒಡೆಯಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎನ್ನುವ ಕಾನೂನು ಎರಡನೆಯದಕ್ಕೆ ಇಲ್ಲ ಎನ್ನಬಹುದು. ಅಮೆರಿಕದ 1998ರ ಕಾಯಿದೆಯಲ್ಲಿ ಬೀಗ ಒಡೆಯುವುದೇ ಬೇರೆ ತಪ್ಪು. ಆದರೆ ಅಲ್ಲಿ ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳ ಪಟ್ಟಿ ಹೊರಡಿಸುತ್ತಾರೆ. ಟೀಕೆ, ಬೋಧನೆಯಂಥ ಕೆಲವು ಉದ್ದೇಶಗಳಿಗೆ ಸಣ್ಣ ತುಣುಕು ತೆಗೆಯುವುದಕ್ಕೆ ಅದರಲ್ಲಿ ಜಾಗ ಸಿಕ್ಕಿದೆ. ನಿಮ್ಮ ದೇಶದಲ್ಲಿ ಏನಿದೆ ಎಂದು ನೋಡಿಕೊಂಡೇ ಮುಂದುವರಿಯಿರಿ.

ಈ ಲೇಖನ ಮಾತಾಡುವುದು ಬೀಗ ಇಲ್ಲದ ಡಿಸ್ಕುಗಳ ಬಗ್ಗೆ: ನಿಮ್ಮದೇ ಕ್ಯಾಮೆರಾದ ಡಿಸ್ಕ್, ಟೇಪಿನಿಂದ ಡಿವಿಡಿಗೆ ಇಳಿಸಿದ ಹಳೆಯ ಸಮಾರಂಭ, ನಿಮ್ಮ ಸಂಸ್ಥೆಯ ನಾಟಕ ಅಥವಾ ಭಾಷಣದ ರೆಕಾರ್ಡಿಂಗ್. ಇಂಥವು ಎಷ್ಟೋ ಕಪಾಟಿನಲ್ಲಿ ಬಿದ್ದಿವೆ, ಅಲ್ವಾ? ಒಂದು ಎಚ್ಚರಿಕೆ ಮಾತ್ರ ಇವಕ್ಕೂ ಇದೆ. ಸಮಾರಂಭದ ವಿಡಿಯೊಗೆ ಸ್ಟುಡಿಯೊದವರು ಹಿನ್ನೆಲೆಯಾಗಿ ಜನಪ್ರಿಯ ಹಾಡು ಸೇರಿಸಿದ್ದರೆ, ಯೂಟ್ಯೂಬಿನಂಥ ತಾಣಗಳ ಯಂತ್ರ ಅದನ್ನು ಕೇಳಿಯೇ ಹಿಡಿಯುತ್ತದೆ. ಚಿತ್ರ ನಿಮ್ಮದೇ ಆದರೂ ಹಾಡು ನಿಮ್ಮದಲ್ಲ.

ಮೊದಲು ಹಾರ್ಡ್ ಡಿಸ್ಕಿಗೆ

ಡಿಸ್ಕಿನಿಂದಲೇ ನೇರವಾಗಿ ಕೆಲಸ ಮಾಡಬೇಡಿ. ಡ್ರೈವ್ ನಿಧಾನ, ಪ್ರತಿ ಸಲವೂ ಡಿಸ್ಕ್ ಸುತ್ತಬೇಕು, ಒಂದು ಗೀರಿದ್ದರೆ ಎಲ್ಲವೂ ನಿಂತುಹೋಗುತ್ತದೆ. ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಒಂದು ಪದರದ ಡಿವಿಡಿ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಜಾಗದ ಚಿಂತೆ ಈಗ ಯಾರಿಗೂ ಅಷ್ಟಿಲ್ಲ.

ಕಾಪಿ ಸಿಕ್ಕಿಹಾಕಿಕೊಂಡರೆ ಮೊದಲು ಡಿಸ್ಕ್ ಒರೆಸಿ. ಮೆತ್ತನೆ ಬಟ್ಟೆಯಲ್ಲಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ. ಸುತ್ತು ಸುತ್ತಾಗಿ ಒರೆಸಿದರೆ ಹೊಸ ಗೀರು ದತ್ತಾಂಶದ ಸಾಲಿನ ಉದ್ದಕ್ಕೇ ಬೀಳುತ್ತದೆ, ಆಗ ಒಂದೇ ಕಡೆ ತುಂಬಾ ದತ್ತಾಂಶ ಹೋಗುತ್ತದೆ. ಅಡ್ಡಕ್ಕೆ ಬಿದ್ದ ಗೀರನ್ನು ಡ್ರೈವ್ ಹೇಗೋ ಸಂಭಾಳಿಸುತ್ತದೆ. ಅದೂ ಆಗಲಿಲ್ಲವೇ? ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದು ಮಾಮೂಲು. ಕೊನೆಯ ಅಸ್ತ್ರ ಗ್ನೂ ಡಿಡಿರೆಸ್ಕ್ಯೂ. ಇದು ಮೊದಲು ಸುಲಭವಾಗಿ ಸಿಗುವ ಭಾಗವನ್ನೆಲ್ಲ ಓದಿಕೊಳ್ಳುತ್ತದೆ. ಎಲ್ಲೆಲ್ಲಿ ಆಗಲಿಲ್ಲ ಎಂದು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಟ್ಟು, ಆಮೇಲೆ ಆ ಜಾಗಗಳಿಗೆ ಮರಳಿ ಹೋಗಿ ಪ್ರಯತ್ನಿಸುತ್ತದೆ. ಒಂದು ಡ್ರೈವ್‌ನಲ್ಲಿ ನಿಲ್ಲಿಸಿ, ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿ, ಅದೇ ನಕ್ಷೆಯಿಂದ ಮುಂದುವರಿಸಬಹುದು. ರಾತ್ರಿಯಿಡೀ ಓಡಿದರೂ ಬೇಸರಿಸಬೇಡಿ.

ಕ್ಯಾಮೆರಾದ 8 ಸೆಂಟಿಮೀಟರ್ ಪುಟ್ಟ ಡಿಸ್ಕುಗಳಿಗೆ ಎರಡು ವಿಶೇಷ ಮಾತು. ಸೀಳಿನೊಳಗೆ ತಳ್ಳುವ ಬಗೆಯ ಡ್ರೈವ್‌ಗೆ ಅವನ್ನು ಹಾಕಲೇಬೇಡಿ, ಒಳಗೇ ಸಿಕ್ಕಿಕೊಳ್ಳುತ್ತವೆ. ಟ್ರೇ ಹೊರಬರುವ ಡ್ರೈವ್ ಬೇಕು. ಎರಡನೆಯದು, ಕ್ಯಾಮೆರಾದಲ್ಲಿ ಫೈನಲೈಜ್ ಮಾಡದ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಮುಗಿಸಿ ಮುಚ್ಚದ ಡಿಸ್ಕನ್ನು ಕಂಪ್ಯೂಟರ್ ಹೆಚ್ಚಾಗಿ ಖಾಲಿ ಎಂದೇ ತೋರಿಸುತ್ತದೆ. ಖಾಲಿ ಅಂತ ಎಸೆಯಬೇಡಿ, ಅದರ ಮೇಲೆ ಬೇರೆ ಏನನ್ನೂ ಬರೆಯಬೇಡಿ. ಅದೇ ಕ್ಯಾಮೆರಾ ಸಿಕ್ಕರೆ ಫೈನಲೈಜ್ ಮಾಡಿ. ಇನ್ನು ಕೆಲವು ರೆಕಾರ್ಡರ್‌ಗಳು ವಿಡಿಯೋ_ಟಿಎಸ್ ಬದಲು ಡಿವಿಡಿ_ಆರ್‌ಟಿಎವಿ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಒಂದೇ ದೊಡ್ಡ ವಿಆರ್‌ಒ ಫೈಲ್ ಇಡುತ್ತವೆ. ಅದೂ ಡಿವಿಡಿ ಬಳಸುವ ಎಂಪೆಗ್-2 ಬಗೆಯ ವಿಡಿಯೊನೇ. ವಿಎಲ್‌ಸಿ ತೆರೆಯುತ್ತದೆ.

ಯಾವ ಸಾಫ್ಟ್‌ವೇರ್?

ನನಗೆ ಸಾಕಾಗುವುದು ಎರಡು: ನೋಡಿ ಸಮಯ ಗುರುತಿಸಲು ವಿಎಲ್‌ಸಿ, ಕತ್ತರಿಸಿ ಪರಿವರ್ತಿಸಲು ಹ್ಯಾಂಡ್‌ಬ್ರೇಕ್. ಎರಡೂ ಮುಕ್ತ ತಂತ್ರಾಂಶಗಳು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ವಿಎಲ್‌ಸಿ ಪ್ಯಾರಿಸ್ಸಿನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ 1996ರಲ್ಲಿ ಹುಟ್ಟಿದ್ದು, 2001ರಲ್ಲಿ ಮುಕ್ತವಾಯಿತು. ಹ್ಯಾಂಡ್‌ಬ್ರೇಕನ್ನು ಎರಿಕ್ ಪೆಟಿ 2003ರಲ್ಲಿ ಶುರು ಮಾಡಿದರು. ಇವುಗಳ ಒಳಗೆ ನಿಜವಾಗಿ ಬೆವರು ಸುರಿಸುವುದು ಹೆಚ್ಚಾಗಿ ಎಫ್‌ಎಫ್‌ಎಂಪೆಗ್ ಎಂಬ ಯೋಜನೆಯ ಕೋಡ್. ಅದನ್ನು 2000ದಲ್ಲಿ ಆರಂಭಿಸಿದವರು ಫ್ಯಾಬ್ರಿಸ್ ಬೆಲಾರ್. ಕಮಾಂಡ್ ಬರೆಯಲು ಹಿಂಜರಿಯದವರು ಅದನ್ನು ನೇರವಾಗಿಯೇ ಬಳಸಬಹುದು. ಹಲವು ತುಣುಕು ಸೇರಿಸಿ, ಶೀರ್ಷಿಕೆ ಹಾಕಿ ಜೋಡಿಸಬೇಕಾದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಇದೆ.

ಇವನ್ನು ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಉಚಿತ ಡಿವಿಡಿ ಕನ್ವರ್ಟರ್ ಅಂತ ಹುಡುಕಿದರೆ ಸಿಗುವ ಎಷ್ಟೋ ಸಾಫ್ಟ್‌ವೇರ್‌ಗಳು ಉಚಿತವೇ ಅಲ್ಲ. ಕೆಲಸ ಮುಗಿದ ಮೇಲೆ ವಿಡಿಯೊ ನಡುವೆ ತಮ್ಮ ಹೆಸರು ಬರೆದಿರುತ್ತವೆ. ಸ್ವಂತ ತಾಣದಿಂದ ಇಳಿಸಿದರೂ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ತಿಳಿಯಲು ತಾಣದವರು ಕೊಡುವ ಸಂಕೇತ) ಹೋಲಿಸುವುದು ಒಳ್ಳೆಯದು. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕಿನದೇ ಒಂದು ಡೌನ್‌ಲೋಡ್ ಸರ್ವರ್‌ಗೆ ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕಳ್ಳ ಫೈಲ್ ಇಟ್ಟಿದ್ದರು. ಕೆಲವು ದಿನಗಳಲ್ಲೇ ಅದು ಪತ್ತೆಯಾಯಿತು. ಹೋಲಿಸಿ ನೋಡಿದವರು ಬಚಾವಾದರು.

ಆಕಾರದ ಲೆಕ್ಕ

ಡಿವಿಡಿಯ ಚಿತ್ರ ಎರಡು ಅಳತೆಯಲ್ಲಿ ಬರುತ್ತದೆ. ಭಾರತದಂಥ ದೇಶಗಳ ಹಳೆಯ ಟಿವಿಯ ಪಾಲ್ ಪದ್ಧತಿಯಲ್ಲಿ 720 × 576, ಅಮೆರಿಕದಂಥ ದೇಶಗಳ ಎನ್‌ಟಿಎಸ್‌ಸಿಯಲ್ಲಿ 720 × 480. ಈಗ ಒಂದು ಸಣ್ಣ ಭಾಗಾಕಾರ. 720ನ್ನು 576ರಿಂದ ಭಾಗಿಸಿದರೆ 1.25. ಹಳೆಯ ಟಿವಿಯ ಆಕಾರ 4:3, ಅಂದರೆ 1.33. ಅಗಲ ಪರದೆಯದು 16:9, ಅಂದರೆ 1.78. ಎರಡಕ್ಕೂ 1.25 ಹೊಂದುವುದಿಲ್ಲ. ಯಾಕೆಂದರೆ ಡಿವಿಡಿಯ ಪಿಕ್ಸೆಲ್ ಚೌಕಾಕಾರದ್ದಲ್ಲ. ಒಂದೇ 720 × 576ನ್ನು ಟಿವಿ 4:3ಗೂ ಎಳೆಯುತ್ತದೆ, 16:9ಕ್ಕೂ ಎಳೆಯುತ್ತದೆ. ಎಷ್ಟು ಎಳೆಯಬೇಕು ಎಂಬ ಸೂಚನೆ ಡಿಸ್ಕಿನಲ್ಲೇ ಇರುತ್ತದೆ.

ಆ ಸೂಚನೆ ಕಳೆದುಹೋದರೆ ಪಿಕ್ಸೆಲ್ ಇದ್ದ ಹಾಗೇ ಬಿಡಿಸಿ ತೋರಿಸುತ್ತಾರೆ. ಪಾಲ್‌ನ 4:3 ಚಿತ್ರ ಸ್ವಲ್ಪ ಸಣಕಲಾಗುತ್ತದೆ. 16:9 ಚಿತ್ರದಲ್ಲಂತೂ ಎಲ್ಲರೂ ಬಿದಿರಿನ ಗಳುಗಳೇ. ಎನ್‌ಟಿಎಸ್‌ಸಿಯ 4:3 ಚಿತ್ರ ಮಾತ್ರ ತಿರುಗಾ ಮುರುಗಾ, ಅದರಲ್ಲಿ ಮುಖಗಳು ಕೊಂಚ ದುಂಡಗಾಗುತ್ತವೆ.

ಪರಿಹಾರ: ಆನ್‌ಲೈನ್‌ಗೆ ಹೋಗುವ ಫೈಲಿನಲ್ಲಿ ಪಿಕ್ಸೆಲ್ ಚೌಕವಾಗಿಯೇ ಇರಲಿ. ಹ್ಯಾಂಡ್‌ಬ್ರೇಕಿನ ಡೈಮೆನ್ಷನ್ಸ್ ಪುಟದಲ್ಲಿ ಅನಾಮಾರ್ಫಿಕ್ ಎಂಬುದನ್ನು ನನ್ ಎಂದು ಮಾಡಿ. ಪಾಲ್‌ನ 4:3 ಆಗ 768 × 576 ಆಗಬೇಕು, 16:9 ಆದರೆ 1024 × 576. ಎನ್‌ಟಿಎಸ್‌ಸಿಗೆ ಕ್ರಮವಾಗಿ 640 × 480 ಮತ್ತು 854 × 480. ಅಂಚಿನ ಎಂಟು-ಹತ್ತು ಪಿಕ್ಸೆಲ್ ಲೆಕ್ಕಕ್ಕೆ ಸೇರಬೇಕೋ ಬೇಡವೋ ಎಂದು ಇದರಲ್ಲೂ ಒಂದು ಹಳೆಯ ಜಗಳವಿದೆ. ಒಂದು ನಿಮಿಷದ ತುಣುಕಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ತೆರೆಯ ಮೇಲೆ ಒಂದು ಗಡಿಯಾರವೋ ಗಾಡಿಯ ಚಕ್ರವೋ ಇದ್ದರೆ ನೋಡಿ. ದುಂಡಗಿದ್ದರೆ ಸರಿ.

ಗೆರೆಗಳು ಏಕೆ ಏಳುತ್ತವೆ?

ಇದು ಎಲ್ಲಕ್ಕಿಂತ ಜಾಸ್ತಿ ಜನರನ್ನು ಕಾಡುವ ವಿಷಯ. ಸ್ವಲ್ಪ ನಿಧಾನವಾಗಿ ನೋಡೋಣ.

ಟಿವಿಗಾಗಿ ಚಿತ್ರೀಕರಿಸುವ ಹಳೆಯ ವಿಡಿಯೊ ಕ್ಯಾಮೆರಾ ಒಂದು ಸಲಕ್ಕೆ ಪೂರ್ತಿ ಚಿತ್ರ ಹಿಡಿಯುತ್ತಿರಲಿಲ್ಲ. ಮೊದಲು 1, 3, 5 ಹೀಗೆ ಬೆಸ ಸಾಲುಗಳು. ಸೆಕೆಂಡಿನ ಐವತ್ತನೇ ಒಂದು ಭಾಗದ ನಂತರ 2, 4, 6 ಹೀಗೆ ಸರಿ ಸಾಲುಗಳು. ಇಂಥ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್ (ಪೂರ್ತಿ ಚಿತ್ರ) ಅಂದರೆ ನಿಜವಾಗಿ ಇರುವುದು 50 ಫೀಲ್ಡ್. ಹಳೆಯ ಟಿವಿ ಇವನ್ನು ಒಂದಾದ ಮೇಲೊಂದು ಬಿಡಿಸುತ್ತಿತ್ತು, ಹಾಗಾಗಿ ಚಲನೆ ನಯವಾಗಿ ಕಾಣುತ್ತಿತ್ತು. ಕಂಪ್ಯೂಟರ್ ಪರದೆ ಎರಡೂ ಅರ್ಧಗಳನ್ನು ಒಟ್ಟಿಗೆ ತೋರಿಸುತ್ತದೆ. ನಿಂತ ವಸ್ತುವಾದರೆ ಏನೂ ಗೊತ್ತಾಗುವುದಿಲ್ಲ. ಆದರೆ ಬೀಸುತ್ತಿರುವ ಕೈ ಆ ಐವತ್ತನೇ ಒಂದು ಸೆಕೆಂಡಿನಲ್ಲಿ ಸರಿದಿರುತ್ತದೆ. ಬೆಸ ಸಾಲಿನಲ್ಲಿ ಕೈ ಒಂದು ಕಡೆ, ಸರಿ ಸಾಲಿನಲ್ಲಿ ಇನ್ನೊಂದು ಕಡೆ. ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ.

ನಿಮ್ಮ ಡಿಸ್ಕ್ ಹೀಗಿದೆಯೇ ಎಂದು ತಿಳಿಯುವುದು ಹೇಗೆ? ವಿಎಲ್‌ಸಿಯಲ್ಲಿ ತೆರೆದು, ವಿಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ (ಅರ್ಧ ಚಿತ್ರಗಳಿಂದ ಹಲ್ಲಿಲ್ಲದ ಪೂರ್ತಿ ಚಿತ್ರ ಮಾಡುವುದು) ಎಂಬುದನ್ನು ಆಫ್ ಮಾಡಿ. ಇದನ್ನು ಮರೆಯಬೇಡಿ, ಇಲ್ಲದಿದ್ದರೆ ವಿಎಲ್‌ಸಿಯೇ ಗೆರೆಗಳನ್ನು ಅಳಿಸಿ ನಿಮ್ಮನ್ನು ನಂಬಿಸಿಬಿಡುತ್ತದೆ. ಜೋರು ಚಲನೆ ಇರುವ ಜಾಗದಲ್ಲಿ ನಿಲ್ಲಿಸಿ, ಇ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಪ್ರತಿ ಫ್ರೇಮಿನಲ್ಲೂ ಹಲ್ಲುಗಳಿದ್ದರೆ ಅದು ವಿಡಿಯೊ ಕ್ಯಾಮೆರಾದ್ದು. ಒಂದರಲ್ಲೂ ಇಲ್ಲದಿದ್ದರೆ ಏನೂ ಮಾಡಬೇಕಾಗಿಲ್ಲ. ಮೂರು ಫ್ರೇಮ್ ಸ್ವಚ್ಛ, ಎರಡರಲ್ಲಿ ಹಲ್ಲು, ಮತ್ತೆ ಮೂರು ಸ್ವಚ್ಛ, ಹೀಗೆ ಬರುತ್ತಿದ್ದರೆ ಅದು ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ಎನ್‌ಟಿಎಸ್‌ಸಿಗೆ ಹಿಗ್ಗಿಸಿದ್ದು. ಅದಕ್ಕೆ ಬೇಕಾದದ್ದು ಡಿಟೆಲಿಸೀನ್ ಎಂಬ ಬೇರೆ ಫಿಲ್ಟರ್. ಸೇರಿಸಿದ ಫ್ರೇಮುಗಳನ್ನು ತೆಗೆದು ಮೂಲ 24ಕ್ಕೆ ತರುತ್ತದೆ.

ವಿಡಿಯೊ ಕ್ಯಾಮೆರಾದ್ದಾದರೆ ಡಿಇಂಟರ್‌ಲೇಸ್ ಮಾಡಬೇಕು. ಹ್ಯಾಂಡ್‌ಬ್ರೇಕಿನ ಫಿಲ್ಟರ್ಸ್ ಪುಟದಲ್ಲಿ ಯಾಡಿಫ್, ಬಿಡಬ್ಲ್ಯುಡಿಫ್, ಡಿಕೂಂಬ್ ಎಂಬ ಆಯ್ಕೆಗಳಿವೆ. ಡಿಕೂಂಬ್ ಹಲ್ಲು ಕಂಡ ಫ್ರೇಮನ್ನು ಮಾತ್ರ ಮುಟ್ಟುತ್ತದೆ, ಉಳಿದದ್ದನ್ನು ಹಾಗೇ ಬಿಡುತ್ತದೆ. ಡಿಸ್ಕಿನಲ್ಲಿ ಏನಿದೆ ಎಂದು ಖಚಿತವಿಲ್ಲದಾಗ ಅದು ಒಳ್ಳೆಯ ಆಯ್ಕೆ.

ಆದರೆ ನೃತ್ಯ, ಆಟ, ಮಕ್ಕಳ ಓಡಾಟ ಇಂಥದ್ದಾದರೆ ನಾನು ಇನ್ನೊಂದು ಹೆಜ್ಜೆ ಹಾಕುತ್ತೇನೆ. ಮಾಮೂಲಿ ಡಿಇಂಟರ್‌ಲೇಸ್ ಎರಡು ಫೀಲ್ಡ್ ಸೇರಿಸಿ ಒಂದು ಫ್ರೇಮ್ ಮಾಡುತ್ತದೆ, 50 ಕ್ಷಣಗಳಲ್ಲಿ 25 ಮಾತ್ರ ಉಳಿಯುತ್ತವೆ. ಚಲನೆ ಕೊಂಚ ಕುಕ್ಕಿದಂತಾಗುತ್ತದೆ. ಬಾಬ್ ಎಂಬ ಆಯ್ಕೆಯಲ್ಲಿ ಪ್ರತಿ ಫೀಲ್ಡಿಗೂ ಒಂದು ಪೂರ್ತಿ ಫ್ರೇಮ್ ಸಿಗುತ್ತದೆ. ಫ್ರೇಮ್‌ರೇಟನ್ನು 50 ಎಂದು ನೀವೇ ಆರಿಸಿ, ಎನ್‌ಟಿಎಸ್‌ಸಿಯಾದರೆ 59.94. ಹಳೆಯ ಟಿವಿಯಲ್ಲಿ ಕಂಡ ಅದೇ ನಯ ವಾಪಸ್ ಬರುತ್ತದೆ. ಇಪ್ಪತ್ತು ವರ್ಷ ಹಿಂದಿನ ರೆಕಾರ್ಡಿಂಗ್ ಇಷ್ಟು ಚೆನ್ನಾಗಿತ್ತಾ ಎಂದು ನೋಡಿದವರು ಕೇಳುತ್ತಾರೆ. ಚೆನ್ನಾಗಿಯೇ ಇತ್ತು, ನಾವು ಅರ್ಧ ಎಸೆಯುತ್ತಿದ್ದೆವು. ಬಾಬ್ ಮಾಡಿದಾಗ ಚಿತ್ರ ಮುಂದೆ ಹಿಂದೆ ತಡವರಿಸುವಂತೆ ಕಂಡರೆ ಫೀಲ್ಡುಗಳ ಕ್ರಮ ಅದಲುಬದಲಾಗಿದೆ ಎಂದರ್ಥ.

ಒಂದು ಕ್ರಮವನ್ನು ಮಾತ್ರ ಮುರಿಯಬೇಡಿ: ಡಿಇಂಟರ್‌ಲೇಸ್ ಮೊದಲು, ಅಳತೆ ಬದಲಿಸುವುದು ಆಮೇಲೆ. ಹಲ್ಲುಗಳಿರುವ ಚಿತ್ರವನ್ನೇ ಹಿಗ್ಗಿಸಿದರೆ ಬೆಸ ಸಾಲೂ ಸರಿ ಸಾಲೂ ಒಂದಕ್ಕೊಂದು ಬೆರೆತುಹೋಗುತ್ತವೆ. ಆಮೇಲೆ ಯಾವ ಫಿಲ್ಟರ್‌ನಿಂದಲೂ ಅವನ್ನು ಬೇರ್ಪಡಿಸಲಾಗದು. ಹ್ಯಾಂಡ್‌ಬ್ರೇಕ್ ಈ ಕ್ರಮವನ್ನು ತಾನೇ ಪಾಲಿಸುತ್ತದೆ. ಎಡಿಟರ್‌ಗಳಲ್ಲಿ ನೀವೇ ನೋಡಿಕೊಳ್ಳಬೇಕು.

ಕತ್ತರಿಸುವುದು

ವಿಡಿಯೊದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಕೀಫ್ರೇಮ್ ಪೂರ್ತಿ ಇರುತ್ತದೆ. ಉಳಿದವು ಹಿಂದಿನದಕ್ಕೂ ಮುಂದಿನದಕ್ಕೂ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಡಿವಿಡಿಯಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು ಕೀಫ್ರೇಮ್ ಸಿಗುತ್ತದೆ. ಅವಿಡೆಮಕ್ಸ್, ಲಾಸ್‌ಲೆಸ್‌ಕಟ್‌ನಂಥ ಸಾಫ್ಟ್‌ವೇರ್‌ಗಳು ಈ ಕೀಫ್ರೇಮಿನಲ್ಲಿ ಕತ್ತರಿಸಿ, ಪರಿವರ್ತನೆ ಏನೂ ಮಾಡದೆ ತುಣುಕನ್ನು ಹಾಗೇ ಎತ್ತಿಕೊಡುತ್ತವೆ. ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಸಂಗ್ರಹಕ್ಕೆ ಇದೇ ಒಳ್ಳೆಯದು. ಆದರೆ ಹೊರಬರುವುದು ಎಂಪೆಗ್-2 ಫೈಲ್. ಬ್ರೌಸರ್‌ಗಳು ಅದನ್ನು ಆಡಿಸುವುದಿಲ್ಲ. ಹಾಗಾಗಿ ಆನ್‌ಲೈನ್‌ಗೆ ಹೋಗುವ ಪ್ರತಿಯನ್ನು ಒಂದು ಸಲ ಪರಿವರ್ತಿಸಲೇಬೇಕು.

ಒಂದು ಸಲ ಎಂಬುದಕ್ಕೆ ಒತ್ತು ಕೊಟ್ಟು ಹೇಳುತ್ತಿದ್ದೇನೆ. ಮೊದಲು ಇಡೀ ಡಿವಿಡಿಯನ್ನು ಎಂಪಿ4 ಮಾಡಿ, ಅದರಿಂದ ತುಣುಕು ಕತ್ತರಿಸಿ ಮತ್ತೆ ಎಂಪಿ4 ಮಾಡಿ, ಅಪ್‌ಲೋಡ್ ಮಾಡಿದಾಗ ತಾಣದವರು ಮೂರನೇ ಸಲ ಕುಗ್ಗಿಸಿದರೆ ಕೊನೆಗೆ ಉಳಿಯುವುದು ಮಸುಕು. ತಾಣದವರು ಮಾಡುವುದನ್ನು ತಪ್ಪಿಸಲಾಗದು. ನಮ್ಮ ಕಡೆಯದು ಒಂದೇ ಇರಲಿ. ಇನ್ನು ಪರದೆಯನ್ನೇ ರೆಕಾರ್ಡ್ ಮಾಡುವ ಉಪಾಯವನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಹ್ಯಾಂಡ್‌ಬ್ರೇಕಿನಲ್ಲಿ ಇದು ಹೀಗೆ ನಡೆಯುತ್ತದೆ. ನಿಮಗೆ 12 ನಿಮಿಷ 40 ಸೆಕೆಂಡಿನಿಂದ 13 ನಿಮಿಷ 25 ಸೆಕೆಂಡಿನವರೆಗೆ ಬೇಕು ಎಂದುಕೊಳ್ಳಿ. ವಿಡಿಯೋ_ಟಿಎಸ್ ಫೋಲ್ಡರ್ ತೆರೆದಾಗ ಅದು ಡಿಸ್ಕಿನ ಟೈಟಲ್‌ಗಳ ಪಟ್ಟಿ ಕೊಡುತ್ತದೆ. ಉದ್ದ ನೋಡಿ ಸರಿಯಾದ ಟೈಟಲ್ ಆರಿಸಿ. ಪಕ್ಕದಲ್ಲಿ ರೇಂಜ್ ಎಂದಿದೆ, ಮಾಮೂಲಾಗಿ ಅಲ್ಲಿ ಚಾಪ್ಟರ್ಸ್ ಎಂದಿರುತ್ತದೆ. ಅದನ್ನು ಸೆಕೆಂಡ್ಸ್ ಮಾಡಿ 00:12:38 ಮತ್ತು 00:13:27 ಎಂದು ತುಂಬಿ. ಎರಡೂ ಕಡೆ ಎರಡು ಸೆಕೆಂಡ್ ಹೆಚ್ಚು ಇಟ್ಟಿದ್ದು ಬೇಕೆಂದೇ. ಡಿವಿಡಿಯಲ್ಲಿ ವಿಎಲ್‌ಸಿ ತೋರಿಸುವ ಸಮಯವೂ ಹ್ಯಾಂಡ್‌ಬ್ರೇಕಿನ ಸಮಯವೂ ಚೂರು ಹಿಂದೆ ಮುಂದೆ ಆಗುತ್ತವೆ. ಮೊದಲ ಅಕ್ಷರ ನುಂಗಿದ ಮಾತಿಗಿಂತ ಎರಡು ಸೆಕೆಂಡ್ ಮೌನ ವಾಸಿ. ಒಮ್ಮೆ ಮಾಡಿ ನೋಡಿ, ಹೆಚ್ಚಾದರೆ ಅಂಕಿ ತಿದ್ದಿ ಕಾಪಿ ಮಾಡಿಟ್ಟ ಮೂಲ ಫೋಲ್ಡರಿನಿಂದಲೇ ಮತ್ತೆ ಮಾಡಿ. ಬಂದ ಎಂಪಿ4ನ್ನು ಕತ್ತರಿಸಲು ಹೋಗಬೇಡಿ.

ಟೇಪಿನಿಂದ ಇಳಿಸಿದ ಡಿವಿಡಿಯಾದರೆ ಚಿತ್ರದ ತಳದಲ್ಲಿ ಕೆಲವು ಸಾಲು ಹರಿದು ಓಲಾಡುತ್ತಿರುತ್ತವೆ. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚಿಬಿಡುತ್ತಿತ್ತು. ಈಗ ಎದ್ದು ಕಾಣುತ್ತದೆ. ಕ್ರಾಪ್‌ನಲ್ಲಿ ತಳದಿಂದ ಹತ್ತು ಹನ್ನೆರಡು ಸಾಲು ತೆಗೆದರೆ ಹೋಗುತ್ತದೆ.

ಹೊರಬರುವ ಫೈಲ್

ಎಂಪಿ4, ಅದರೊಳಗೆ ಎಚ್.264 ವಿಡಿಯೊ, ಎಎಸಿ ಆಡಿಯೊ. ಎಲ್ಲ ಕಡೆ ನಡೆಯುವ ಜೋಡಿ ಇದು. ಹೊಸ ಕೊಡೆಕ್‌ಗಳು, ಅಂದರೆ ಕುಗ್ಗಿಸುವ ಹೊಸ ವಿಧಾನಗಳು, ಇನ್ನೂ ಚಿಕ್ಕ ಫೈಲ್ ಕೊಡುತ್ತವೆ ನಿಜ. ಒಂದು ನಿಮಿಷದ ತುಣುಕಿಗೆ ಆ ಉಳಿತಾಯದಿಂದ ಏನೂ ಆಗಬೇಕಾಗಿಲ್ಲ.

ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಬಳಸುವ ದತ್ತಾಂಶ) ಎಷ್ಟಿಡಬೇಕು ಎಂದು ಊಹಿಸುವ ಬದಲು ಕಾನ್‌ಸ್ಟಂಟ್ ಕ್ವಾಲಿಟಿ ಬಳಸಿ. ಆರ್‌ಎಫ್ ಎಂಬ ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಜಾಸ್ತಿ. ಡಿವಿಡಿ ಅಳತೆಯ ಚಿತ್ರಕ್ಕೆ ಹ್ಯಾಂಡ್‌ಬ್ರೇಕಿನವರೇ ಹೇಳುವುದು 18ರಿಂದ 22. ಇನ್ನೊಂದು ಸಲ ತಾಣದಲ್ಲಿ ಕುಗ್ಗುವ ಫೈಲಾದ್ದರಿಂದ ನಾನು 18ರ ಕಡೆಗೇ ವಾಲುತ್ತೇನೆ. ನಿಮ್ಮದೇ ತಾಣದಲ್ಲಿ ನೇರವಾಗಿ ಇಡುವುದಾದರೆ 20, 21 ಸಾಕು. ಆಗ ವೆಬ್ ಆಪ್ಟಿಮೈಜ್ಡ್ ಎಂಬ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಎಂಪಿ4 ಫೈಲಿಗೆ ಒಂದು ಸೂಚಿ ಇರುತ್ತದೆ, ಮಾಮೂಲಾಗಿ ಅದನ್ನು ಬರೆಯುವುದು ಫೈಲಿನ ಕೊನೆಯಲ್ಲಿ. ಆ ಸೂಚಿ ಸಿಗುವವರೆಗೆ ಬ್ರೌಸರ್ ಆಡಿಸಲು ತಡಕಾಡುತ್ತದೆ. ಈ ಗುರುತು ಹಾಕಿದರೆ ಸೂಚಿ ಫೈಲಿನ ಮೊದಲಿಗೆ ಬರುತ್ತದೆ, ವಿಡಿಯೊ ಕೂಡಲೇ ಶುರುವಾಗುತ್ತದೆ.

ಆಡಿಯೊಗೆ ಬಂದರೆ, ಡಿವಿಡಿಯಲ್ಲಿ ಹಲವು ಆಡಿಯೊ ಇರಬಹುದು, ಸರಿಯಾದದ್ದು ಆರಿಸಿಕೊಳ್ಳಿ. 5.1 ಚಾನೆಲ್ ಇದ್ದರೆ ಸ್ಟಿರಿಯೊಗೆ ಇಳಿಸಿ. ಹಾಗೆ ಇಳಿಸಿದಾಗ ಸಂಗೀತ ಜೋರಾಗಿ ಮಾತು ಸಣ್ಣಗಾಗುವುದುಂಟು. ಅದಕ್ಕೆ ಡಿಆರ್‌ಸಿ ಎಂಬ ಅಂಕಿಯನ್ನು ಸ್ವಲ್ಪ ಏರಿಸಿ, ಮೊಬೈಲ್‌ನಲ್ಲೂ ಮಾತು ಕೇಳಿಸುತ್ತದೆ. ವಿಡಿಯೊ ಒಂದು ಫೈಲ್, ಆಡಿಯೊ ಒಂದು ಫೈಲ್ ಎಂದು ಬೇರೆ ಮಾಡಿ ಆಮೇಲೆ ಸೇರಿಸುವ ಹಳೆಯ ಪದ್ಧತಿ ಬೇಡ. ಎರಡೂ ಶುರುವಾಗುವ ಕ್ಷಣದಲ್ಲಿ ಸಣ್ಣ ಅಂತರ ಇರುತ್ತದೆ. ಬೇರೆ ಮಾಡಿದಾಗ ಆ ಲೆಕ್ಕ ಕಳೆದುಹೋಗಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಡಿವಿಡಿಯ ಸಬ್‌ಟೈಟಲ್ ಅಕ್ಷರಗಳಲ್ಲ, ಚಿತ್ರಗಳು. ಆನ್‌ಲೈನ್ ಪ್ಲೇಯರ್‌ಗಳಿಗೆ ಅವು ಕಾಣುವುದಿಲ್ಲ. ಬರ್ನ್ ಇನ್ ಆಯ್ಕೆಯಿಂದ ಚಿತ್ರದ ಮೇಲೇ ಅಂಟಿಸಿ. ಒಂದು ನಿಮಿಷದ್ದೇ ತಾನೇ ಎಂದರೆ ಹೊಸದಾಗಿ ಟೈಪ್ ಮಾಡುವುದು ಇನ್ನೂ ಚೆನ್ನ.

ಯೂಟ್ಯೂಬಿಗೆ ಹಾಕುವವರಿಗೆ ಒಂದು ಕಿವಿಮಾತು. ಅಲ್ಲಿನ ಮೆಟ್ಟಿಲುಗಳು 360, 480, 720, 1080 ಹೀಗಿವೆ. 576 ಎಂಬ ಮೆಟ್ಟಿಲಿಲ್ಲ. ನೀವು 768 × 576 ಹಾಕಿದರೆ ನೋಡುವವರಿಗೆ ಸಿಗುವುದು 480. ಅಂದರೆ ಪಾಲ್ ಡಿಸ್ಕಿನ ಸುಮಾರು ನೂರು ಸಾಲು ಸುಮ್ಮನೆ ಹೋಯಿತು. ಹಾಗಾಗಿ 4:3 ಆದರೆ 960 × 720ಕ್ಕೆ, 16:9 ಆದರೆ 1280 × 720ಕ್ಕೆ ಹಿಗ್ಗಿಸಿ ಹಾಕುವುದು ಮೇಲು. ಹಿಗ್ಗಿಸಿದ್ದರಿಂದ ಇಲ್ಲದ ವಿವರ ಹುಟ್ಟುವುದಿಲ್ಲ, ಇದ್ದದ್ದು ಉಳಿಯುತ್ತದೆ. ಬಾಬ್ ಮಾಡಿ ಪಡೆದ 50 ಫ್ರೇಮ್ ಕೂಡ 720ರಿಂದ ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಉಳಿಯುತ್ತದೆ. 480ಕ್ಕೆ ಇಳಿದರೆ ಅರ್ಧಕ್ಕೆ ಬೀಳುತ್ತದೆ. ಅಪ್‌ಲೋಡ್ ಆದ ಕೂಡಲೇ ತೆರೆದು ನೋಡಿ ಮಸುಕಾಗಿದೆ ಅಂತ ಅಳಿಸಬೇಡಿ. ತಾಣ ಮೊದಲು ಸಣ್ಣ ಅಳತೆಯ ಪ್ರತಿ ತಯಾರಿಸುತ್ತದೆ, 720ರದ್ದು ಬರಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಮೊಬೈಲ್‌ನಲ್ಲೊಮ್ಮೆ, ದೊಡ್ಡ ಪರದೆಯಲ್ಲೊಮ್ಮೆ ಆಡಿಸಿ, ಕೈ ಬೀಸುವ ಜಾಗದಲ್ಲಿ ನಿಲ್ಲಿಸಿ ನೋಡಿ.